ತಂಬೂರಿಯ ಶ್ರುತಿ ಏಕೆ ನಿಲ್ಲುವುದಿಲ್ಲ?

ಗಡಿಭಾಗದ ಕನ್ನಡ ಮನೆಗಳಲ್ಲಿಯೂ ಮಠಗಳಲ್ಲಿಯೂ ಭಜನಾ ಮಂಡಳಿಗಳಲ್ಲಿಯೂ ಗವಸು ಹೊದ್ದು ಮೂಲೆ ಸೇರಿದ ತಂಬೂರಿಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಅವುಗಳ ಬುರುಡೆ ಒಡೆದಿರುವುದಿಲ್ಲ, ದಂಡಿ ಮುರಿದಿರುವುದಿಲ್ಲ. “ಶ್ರುತಿ ನಿಲ್ಲುವುದಿಲ್ಲ” ಎಂಬ ಒಂದೇ ಆರೋಪದ ಮೇಲೆ, ವಿಚಾರಣೆಯೇ ಇಲ್ಲದೆ, ಅವುಗಳಿಗೆ ಶಿಕ್ಷೆಯಾಗಿರುತ್ತದೆ. ಅವುಗಳ ಸ್ಥಾನದಲ್ಲಿ ವಿದ್ಯುತ್ ಶ್ರುತಿಪೆಟ್ಟಿಗೆಯೋ ಮೊಬೈಲಿನ ಧ್ವನಿಯೋ ಬಂದು ಕೂರುತ್ತದೆ. ಹಾಡುವುದು ನಡೆಯುತ್ತದೆ, ಆದರೆ ಹಾಡುವ ಮಗುವಿನ ಕಿವಿಗೆ ದೊರೆಯಬೇಕಾಗಿದ್ದ ಮೊದಲ ಪಾಠ ಅಲ್ಲಿಗೆ ತಪ್ಪಿಹೋಗುತ್ತದೆ. ಆ ಆರೋಪದಲ್ಲಿ ಎಷ್ಟು ಹುರುಳಿದೆ, ದೋಷ ನಿಜವಾಗಿ ಎಲ್ಲಿದೆ, ಅದರಲ್ಲಿ ಎಷ್ಟನ್ನು ಮನೆಯಲ್ಲಿಯೇ ಸರಿಪಡಿಸಬಹುದು ಎಂಬುದನ್ನು ಒಮ್ಮೆ ನೆಮ್ಮದಿಯಿಂದ ಪರಿಶೀಲಿಸುವುದು ಯೋಗ್ಯವಾಗಿದೆ.

ನಮ್ಮ ನೆಲದ ಬುರುಡೆ, ಮಿರಜಿನ ಕೈ

ತಂಬೂರಿಯು ಸೋಲಾಪುರ ಜಿಲ್ಲೆಯ ಕನ್ನಡಿಗರಿಗೆ ದೂರದ ವಸ್ತುವಲ್ಲ. ಮಿರಜಿನಲ್ಲಿ ತಯಾರಾಗುವ ತಂಬೂರಿಗಳಿಗೆ ಬೇಕಾಗುವ ದೊಡ್ಡ ಬುರುಡೆಗಳು ಮಂಗಳವೇಡೆಯ ಸುತ್ತಮುತ್ತಲಿನ ಹೊಲಗಳಿಂದಲೇ ಹೋಗುತ್ತವೆ. ಮರವು ಕರ್ನಾಟಕದ ಕಾಡುಗಳಿಂದ ಬರುತ್ತದೆ. ಅಡುಗೆಗೆ ಬಾರದ ಈ ಕಾಯಿಗಳನ್ನು ಚಿಪ್ಪು ಗಟ್ಟಿಯಾಗುವವರೆಗೆ ಒಣಗಿಸಿ, ಕೊರೆದು, ಕೊರಳನ್ನೂ ದಂಡಿಯನ್ನೂ ಜೋಡಿಸಲಾಗುತ್ತದೆ. ಕಲಚುರಿಗಳ ರಾಜಧಾನಿಯಾಗಿದ್ದ, ಬಸವಣ್ಣನವರು ಕಲ್ಯಾಣಕ್ಕೆ ಮೊದಲು ಕಾಯಕ ಮಾಡಿದ ಊರೆಂದು ನಮ್ಮ ಜನ ನೆನೆಯುವ ಮಂಗಳವೇಡೆಯ ಮಣ್ಣು ಜೋಳಕ್ಕೆ ಮಾತ್ರ ಹೆಸರಾದುದಲ್ಲ. ಭಕ್ತನ ದೇಹವನ್ನೇ ತಂತಿವಾದ್ಯವಾಗಿ ಕಲ್ಪಿಸಿದ ವಚನವೊಂದು ಬಸವಣ್ಣನವರದಾಗಿದೆ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು.

ಮಿರಜಿನ ವಾದ್ಯನಿರ್ಮಾಣವು 19ನೆಯ ಶತಮಾನದ ನಡುಭಾಗದಲ್ಲಿ ಬೇರೂರಿತು. ಆಯುಧಗಳಿಗೆ ಸಾಣೆ ಹಿಡಿಯುವ ಶಿಕಲಗಾರ ಮನೆತನದ ಫರೀದಸಾಹೇಬರು ಅದರ ಮೂಲಪುರುಷರು. ಪಟವರ್ಧನ ಸಂಸ್ಥಾನಿಕರ ಆಶ್ರಯಕ್ಕೆ ಬರುತ್ತಿದ್ದ ಗಾಯಕರ ಕೆಟ್ಟ ವಾದ್ಯಗಳನ್ನು ಮೊದಲು ದುರಸ್ತಿ ಮಾಡಿ, ಆನಂತರವೇ ಹೊಸದನ್ನು ಮಾಡತೊಡಗಿದರೆಂಬುದು ಅಲ್ಲಿನ ಪರಂಪರೆಯ ಮಾತು. ಕತ್ತಿಯ ಅಲಗನ್ನು ಹದಗೊಳಿಸುತ್ತಿದ್ದ ಕೈ ಕುದುರೆಯ ಮೈಯನ್ನು ಹದಗೊಳಿಸಲು ಕಲಿಯಿತು. ಮನೆತನದ ಹೆಸರು “ಸಿತಾರಮೇಕರ” ಎಂದಾಯಿತು.

ಅದೇ ಮಿರಜಿನಲ್ಲಿ ನೆಲೆ ನಿಂತವರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ, ಈ ಪರಂಪರೆಯುದ್ದಕ್ಕೂ ಸ್ವರದ ಶುದ್ಧಿಯೇ ಮೊದಲ ಕಟ್ಟಳೆಯಾಗಿತ್ತು. ಆ ಶುದ್ಧಿಯನ್ನು ಅಳೆಯುವ ಅಳತೆಗೋಲು ಬೆನ್ನ ಹಿಂದೆ ನುಡಿಯುತ್ತಿದ್ದ ತಂಬೂರಿ.

ಕುದುರೆಯ ಗುಟ್ಟು

ತಂಬೂರಿಗೆ ನಾಲ್ಕು ತಂತಿ. ಮೊದಲನೆಯದು ಸಾಮಾನ್ಯವಾಗಿ ಪಂಚಮ, ನಡುವಿನ ಎರಡು ಜೋಡಿ ಷಡ್ಜ, ಕೊನೆಯದು ಹಿತ್ತಾಳೆಯ ಖರಜ. ತಂತಿಗಳು ಮೇಲೆ ಬಿರಡೆಗಳಿಂದ ಹೊರಟು, ಮೇರುವನ್ನು ದಾಟಿ, ದಂಡಿಯುದ್ದಕ್ಕೂ ಸಾಗಿ, ಬುರುಡೆಯ ಮುಚ್ಚಳದ ಮೇಲಿರುವ ಕುದುರೆಯ ಮೇಲೆ ಹಾಯ್ದು, ಅದರ ಕೆಳಗಿನ ಮಣಿಗಳ ಮೂಲಕ ತುದಿಗೆ ಕಟ್ಟಲ್ಪಟ್ಟಿರುತ್ತವೆ. ಮರಾಠಿಯಲ್ಲಿ ಘೋಡಿ, ಕನ್ನಡದಲ್ಲಿ ಕುದುರೆ. ತಂತಿಗಳ ಭಾರವನ್ನು ಬೆನ್ನ ಮೇಲೆ ಹೊತ್ತ ಆ ಪುಟ್ಟ ಪೀಠಕ್ಕೆ ಎರಡೂ ನುಡಿಗಳು ಒಂದೇ ಪ್ರಾಣಿಯ ಹೆಸರನ್ನು ಕೊಟ್ಟಿವೆ.

ಪಿಟೀಲಿನ ಕುದುರೆ ಅಲಗಿನಂತೆ ತೆಳ್ಳಗಿರುತ್ತದೆ. ತಂಬೂರಿಯ ಕುದುರೆಯಾದರೋ ಅಗಲವಾಗಿ, ಕಣ್ಣಿಗೆ ಕಂಡೂ ಕಾಣದಷ್ಟು ನಯವಾದ ಇಳಿಜಾರು ಹೊಂದಿರುತ್ತದೆ. ಮೀಟಿದ ತಂತಿ ಆ ಇಳಿಜಾರನ್ನು ಮತ್ತೆ ಮತ್ತೆ ಸವರುತ್ತದೆ. ಆ ಸವರುವಿಕೆಯಿಂದಲೇ ಗುಂಯ್‌ಗುಡುವ, ಒಳಗೆ ಹಲವು ಸ್ವರಗಳನ್ನು ಬಿಚ್ಚಿ ತೋರುವ ನಾದ ಹುಟ್ಟುತ್ತದೆ. ಕುದುರೆಯ ಈ ಹದಕ್ಕೆ ಕುಶಲಕರ್ಮಿಗಳು “ಜವಾರಿ” ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ. ವಾದ್ಯದ ಜವಾರಿ ಬೇರೆಯೇ ಶಬ್ದವಾದರೂ, ಕೇಳಿದ ಕನ್ನಡಿಗನಿಗೆ ಅದು ತನ್ನದೇ ಮಾತೆನಿಸಿದರೆ ಅಚ್ಚರಿಯಿಲ್ಲ. ತಂತಿಗೂ ಕುದುರೆಗೂ ನಡುವೆ ಸೇರಿಸುವ ಹತ್ತಿಯ ಎಳೆಗೆ ಜೀವಾಳದ ದಾರವೆಂದು ಹೆಸರು. ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ಸತ್ತ ತಂತಿ ಮಾತನಾಡುತ್ತದೆ.

ಈ ನಾದದ ಬಗೆಗೆ ಶಾಸ್ತ್ರೀಯವಾಗಿ ಮೊದಲು ಕುತೂಹಲ ತಳೆದವರಲ್ಲಿ ಸಿ. ವಿ. ರಾಮನ್ ಪ್ರಮುಖರು. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದೆಂಬುದು ಯೂರೋಪಿನ ಭೌತಶಾಸ್ತ್ರದ ನಿಯಮ. ತಂಬೂರಿಯಲ್ಲಿ ಅವು ಹುಟ್ಟುತ್ತವೆ. ವೀಣೆ ಮತ್ತು ತಂಬೂರಿಗಳ ಕುದುರೆಯ ಆಕಾರವೇ ಇದಕ್ಕೆ ಕಾರಣವೆಂದು ರಾಮನ್ ಕಲ್ಕತ್ತೆಯಲ್ಲಿ 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ನೊಬೆಲ್ ಪುರಸ್ಕಾರ ಬಂದುದು ಅದಕ್ಕೆ 9 ವರ್ಷಗಳ ಅನಂತರ.

ಬಿಗಿತದ ಲೆಕ್ಕ

ತಂತಿಯ ಸ್ವರವು ಅದರ ಉದ್ದ, ತೂಕ ಮತ್ತು ಬಿಗಿತಗಳನ್ನು ಅವಲಂಬಿಸಿದೆ. ಮೊದಲೆರಡು ತಾವಾಗಿ ಬದಲಾಗುವುದಿಲ್ಲ. ಶ್ರುತಿ ಇಳಿಯಿತೆಂದರೆ ಬಹುಮಟ್ಟಿಗೆ ಬಿಗಿತ ಬದಲಾಯಿತೆಂದೇ ಅರ್ಥ. ಬಿಗಿತವು ಶೇಕಡ 2ರಷ್ಟು ಕುಗ್ಗಿದರೆ ಕಂಪನಸಂಖ್ಯೆ ಶೇಕಡ 1ರಷ್ಟು ಇಳಿಯುತ್ತದೆ. ಸೆಕೆಂಡಿಗೆ 200 ಸಲ ಕಂಪಿಸುವ ಜೋಡಿ ತಂತಿಗಳಲ್ಲಿ ಒಂದು 198ಕ್ಕೆ ಇಳಿದರೆ, ಎರಡನ್ನೂ ಒಟ್ಟಿಗೆ ಮೀಟಿದಾಗ ನಾದವು ಸೆಕೆಂಡಿಗೆ 2 ಸಲ ಉಬ್ಬಿ ತಗ್ಗುತ್ತದೆ. ಆ ಅಲೆಯನ್ನು ಗುರುತಿಸಲು ಸಂಗೀತ ಬಲ್ಲವರೇ ಆಗಬೇಕಿಲ್ಲ; ಒಮ್ಮೆ ತೋರಿಸಿಕೊಟ್ಟರೆ ನಾಲ್ಕನೆಯ ಇಯತ್ತೆಯ ಮಗುವೂ ಗುರುತಿಸುತ್ತದೆ. ಬಿರಡೆ ತಿರುಗಿಸುತ್ತ ಹೋದಂತೆ ಅಲೆ ನಿಧಾನವಾಗಿ, ಕೊನೆಗೆ ನಿಂತಾಗ ಎರಡು ತಂತಿ ಒಂದಾಗುತ್ತವೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳನ್ನು ಗಾಯಕರನ್ನಾಗಿಸಿದರು. ಶ್ರುತಿ ಸೇರಿಸುವ ಕೆಲಸಕ್ಕೆ ಕಣ್ಣಿನ ಹಂಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬಿಗಿತ ಏಕೆ ಬದಲಾಗುತ್ತದೆ? ಮೊದಲ ಕಾರಣ ಹವೆ. ದುಧನಿ, ಅಕ್ಕಲಕೋಟೆ, ಸೋಲಾಪುರಗಳ ಬೇಸಗೆಯಲ್ಲಿ ತಾಪ 40 ಡಿಗ್ರಿ ದಾಟುವುದು ಹೊಸತಲ್ಲ. ಕಾವಿಗೆ ಲೋಹದ ತಂತಿ ಹಿಗ್ಗಿ ಸಡಿಲಾಗುತ್ತದೆ. ಉಕ್ಕಿಗಿಂತ ಹಿತ್ತಾಳೆ ಹೆಚ್ಚು ಹಿಗ್ಗುವುದರಿಂದ ನಾಲ್ಕೂ ತಂತಿಗಳು ಸಮನಾಗಿ ಇಳಿಯುವುದಿಲ್ಲ. ಮರವು ಕಾವಿಗಿಂತ ತೇವಕ್ಕೆ ಹೆಚ್ಚು ಸ್ಪಂದಿಸುತ್ತದೆ. ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಹೊರಗಿನ ಬಿಸಿಲಿನಿಂದ ತಂದ ವಾದ್ಯವನ್ನು ಕೂಡಲೇ ಶ್ರುತಿಗೊಳಿಸುವುದು ವ್ಯರ್ಥ. ಹಾಡುವ ಕೋಣೆಯಲ್ಲಿ ಅರ್ಧ ತಾಸು ಇರಿಸಿ, ಆನಂತರ ಸೇರಿಸಬೇಕು.

ಹವೆಯ ದೋಷ ವಾದ್ಯದ ದೋಷವಲ್ಲ. ಹಾಗಿದ್ದೂ ಗಂಟೆಗೊಮ್ಮೆ ಶ್ರುತಿ ಜಾರುತ್ತಿದ್ದರೆ, ತಂತಿ ಎಲ್ಲೆಲ್ಲಿ ಮರವನ್ನು ತಾಗುತ್ತದೆಯೋ ಆ ಸ್ಥಾನಗಳನ್ನು ಒಂದೊಂದಾಗಿ ವಿಚಾರಿಸಬೇಕು.

ಒಂದೊಂದಾಗಿ ವಿಚಾರಣೆ

ಮೊದಲು ತಂತಿ. ತುಕ್ಕು ಹಿಡಿದ, ಮಡಿಕೆ ಬಿದ್ದ ತಂತಿಯನ್ನು ಬದಲಿಸದೆ ಮುಂದಿನ ಮಾತಿಲ್ಲ. ಆದರೆ ನಾಲ್ಕನ್ನೂ ಒಮ್ಮೆಗೇ ಬಿಚ್ಚಬಾರದು. ಅನೇಕ ತಂಬೂರಿಗಳಲ್ಲಿ ಕುದುರೆ ನಿಂತಿರುವುದು ತಂತಿಗಳ ಒತ್ತಡದಿಂದಲೇ. ಎಲ್ಲವನ್ನೂ ತೆಗೆದರೆ ಅದು ತನ್ನ ಜಾಗ ಬಿಡುತ್ತದೆ. ಒಂದನ್ನು ಬದಲಿಸಿ ಬಿಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಬಿರಡೆಗೆ ಮೂರು-ನಾಲ್ಕು ಸುತ್ತು ಸಾಕು. ಸುತ್ತುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕದಲ್ಲಿ ಕೂರಬೇಕು. ಹೊಸ ತಂತಿ ಮೊದಲ ಒಂದೆರಡು ದಿನ ಎಳೆದುಕೊಳ್ಳುವುದು ಸಹಜ. ಅದನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟು, ಮತ್ತೆ ಶ್ರುತಿಗೊಳಿಸಿ, ಒಂದು ರಾತ್ರಿ ಬಿಡುವುದು ಲೇಸು.

ಎರಡನೆಯದು ಬಿರಡೆ. ಇದು ತುದಿಗೆ ಸಣ್ಣದಾಗುತ್ತ ಹೋಗುವ ಮರದ ಗೂಟ. ಅಂಥದೇ ಆಕಾರದ ತೂತಿನಲ್ಲಿ ಬರಿಯ ಘರ್ಷಣೆಯ ಬಲದಿಂದ ನಿಂತಿರುತ್ತದೆ. ಬೇಸಗೆಯಲ್ಲಿ ಕುಗ್ಗಿ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಜಾರುವ ಬಿರಡೆಗೆ ಶಾಲೆಯ ಸೀಮೆಸುಣ್ಣದ ಪುಡಿಯೇ ಔಷಧ; ಕಚ್ಚುವ ಬಿರಡೆಗೆ ಒಣ ಸಾಬೂನಿನ ಒಂದು ಗೆರೆ ಸಾಕು. ಎಣ್ಣೆಯನ್ನು ಎಂದಿಗೂ ಹಾಕಕೂಡದು. ಮರ ಎಣ್ಣೆ ಕುಡಿದರೆ ಬಿರಡೆ ಮತ್ತೆಂದೂ ಹಿಡಿಯುವುದಿಲ್ಲ. ತಿರುಗಿಸುವಾಗ ಬಿರಡೆಯನ್ನು ತುಸು ಒಳಕ್ಕೆ ಒತ್ತುತ್ತ ತಿರುಗಿಸಬೇಕು.

ಮೂರನೆಯದು ಮೇರು. ಅಲ್ಲಿನ ತೂತು ಅಥವಾ ಗಾಡಿ ಕಿರಿದಾಗಿದ್ದರೆ ತಂತಿ ಅಂಟಿಕೊಳ್ಳುತ್ತದೆ. ಬಿರಡೆ ತಿರುಗಿಸಿದರೂ ಸ್ವರ ಏರುವುದಿಲ್ಲ. ಆಮೇಲೆ ಒಮ್ಮೆಲೇ “ಟಿಕ್” ಎಂದು ಜಿಗಿದು ಮಿತಿ ಮೀರುತ್ತದೆ. ಈ ಸಪ್ಪಳ ಕೇಳಿದರೆ ಅಪರಾಧಿ ಸಿಕ್ಕಂತೆಯೇ. ಮೆತ್ತನೆಯ ಪೆನ್ಸಿಲ್ಲಿನ ಸೀಸವನ್ನು ಆ ಗಾಡಿಯಲ್ಲಿ ತಿಕ್ಕಿದರೆ ತಂತಿ ಸರಾಗವಾಗಿ ಜಾರುತ್ತದೆ. ಇನ್ನೊಂದು ಕಟ್ಟಳೆ: ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಬೇಕು. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಮೇರುವಿನ ಆಚೆ ಉಳಿದ ಸಡಿಲು ಆಮೇಲೆ ಸರಿದು ಬಂದು ಮೋಸ ಮಾಡುತ್ತದೆ.

ನಾಲ್ಕನೆಯದು ಮಣಿ. ಕುದುರೆಯ ಕೆಳಗಿನ ಮಣಿಯನ್ನು ತುದಿಯ ಕಡೆಗೆ ಸರಿಸಿದರೆ ಸ್ವರ ತುಸು ಏರುತ್ತದೆ, ಕುದುರೆಯ ಕಡೆಗೆ ಸರಿಸಿದರೆ ತುಸು ಇಳಿಯುತ್ತದೆ. ಅದು ಸೂಕ್ಷ್ಮ ಹೊಂದಾಣಿಕೆಗಾಗಿ ಇರುವ ಸಾಧನ. ಬಿರಡೆಯ ಕೆಲಸವನ್ನು ಅದರಿಂದ ಮಾಡಿಸಬಾರದು. ಮಣಿಯನ್ನು ನಡುಸ್ಥಾನದಲ್ಲಿಟ್ಟು ಬಿರಡೆಯಿಂದ ಸ್ವರದ ಹತ್ತಿರಕ್ಕೆ ತಂದು, ಕೊನೆಯ ಕೂದಲೆಳೆಯ ವ್ಯತ್ಯಾಸವನ್ನಷ್ಟೇ ಮಣಿಗೆ ಬಿಡಬೇಕು.

ಐದನೆಯದು ಕುದುರೆ. ಅದು ವಾಲಿದೆಯೇ, ಒಂದು ಕಾಲು ಎದ್ದಿದೆಯೇ, ಹಳೆಯ ಗುರುತಿನಿಂದ ಸರಿದಿದೆಯೇ ಎಂದು ನೋಡಬೇಕು. ಸರಿದಿದ್ದರೆ ನಾಲ್ಕೂ ತಂತಿಗಳನ್ನು ಅರ್ಧ ಸಡಿಲಿಸಿ, ಎರಡೂ ಕೈಗಳಿಂದ ಅದನ್ನು ನೆಟ್ಟಗೆ ಕೂರಿಸಿ, ಪಾದಗಳ ಸುತ್ತ ಪೆನ್ಸಿಲ್ಲಿನಿಂದ ತೆಳುವಾಗಿ ಗುರುತು ಹಾಕಬೇಕು. ಆಮೇಲೆ ಜೀವಾಳದ ದಾರ. ಅದನ್ನು ಮೆಲ್ಲಮೆಲ್ಲನೆ ಸರಿಸುತ್ತ ನಾದ ಬಿಚ್ಚಿಕೊಳ್ಳುವ ಜಾಗವನ್ನು ಹುಡುಕಬೇಕು. ತಂತಿಯ ಬಿಗಿತ ಹೆಚ್ಚು ಬದಲಾದರೆ ಆ ಜಾಗವೂ ಬದಲಾಗುತ್ತದೆ. ಆದ್ದರಿಂದ ಶ್ರುತಿ ಮೊದಲು, ದಾರ ಆಮೇಲೆ.

ವಿಚಾರಣೆಗೆ ಒಂದು ಸುಲಭ ಸೂತ್ರವಿದೆ. ನಾಲ್ಕೂ ತಂತಿ ಒಟ್ಟಿಗೆ ಇಳಿದರೆ ಹವೆಯನ್ನೋ ಕುದುರೆಯನ್ನೋ ಸಂಶಯಿಸಬೇಕು. ಒಂದೇ ತಂತಿ ನಿಧಾನವಾಗಿ ಇಳಿಯುತ್ತಿದ್ದರೆ ಅದರ ಬಿರಡೆ ಇಲ್ಲವೇ ಹೊಸತನ. ಒಂದು ತಂತಿ ಹಠಾತ್ತಾಗಿ ಜಿಗಿದರೆ ಮೇರು. ಸ್ವರ ನಿಂತೂ ನಾದ ಸತ್ತಿದ್ದರೆ ಜೀವಾಳ.

ಓಲಾಡುವ ಕುದುರೆ

ಇದೇ ನಿಯಮಗಳನ್ನು ಇನ್ನಷ್ಟು ಎದ್ದುಕಾಣುವಂತೆ ತೋರಿಸುವ ವಾದ್ಯವೆಂದರೆ ವಿದ್ಯುತ್ ಗಿಟಾರ್. ಶಾಲಾ-ಕಾಲೇಜುಗಳ ಸ್ನೇಹಸಮ್ಮೇಳನಗಳಿಗೂ ಅದು ಕಾಲಿಟ್ಟಿರುವ ಈ ಕಾಲದಲ್ಲಿ ತಾಯಿತಂದೆಯರು ಅದರ ಸ್ವಭಾವವನ್ನು ಅರಿತಿದ್ದರೆ ಒಳಿತು. ಅಮೆರಿಕದ ಲಿಯೋ ಫೆಂಡರ್ 1954ರಲ್ಲಿ ತನ್ನ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರಿಗೆ ಓಲಾಡುವ ಕುದುರೆಯನ್ನು ಅಳವಡಿಸಿದನು. ಒಂದು ಕಡೆ 6 ತಂತಿಗಳು ಅದನ್ನು ಮುಂದಕ್ಕೆ ಎಳೆಯುತ್ತವೆ. ಇನ್ನೊಂದು ಕಡೆ ವಾದ್ಯದ ಬೆನ್ನಿನೊಳಗಿರುವ ಸ್ಪ್ರಿಂಗುಗಳು ಹಿಂದಕ್ಕೆ ಎಳೆಯುತ್ತವೆ. ಸಾಧಾರಣ ತಂತಿಗಳ ಒಟ್ಟು ಎಳೆತ ಸುಮಾರು 45 ಕಿಲೋ. ಕುದುರೆಗೆ ಜೋಡಿಸಿದ ಸರಳನ್ನು ಅದುಮಿದರೆ ಸ್ವರ ಇಳಿದು, ಬಿಟ್ಟರೆ ಮರಳುತ್ತದೆ. ಇದಕ್ಕೆ ಟ್ರೆಮೊಲೊ ಎಂದು ಹೆಸರು ಬಿದ್ದಿದೆ. ಪಾಶ್ಚಾತ್ಯ ಸಂಗೀತದಲ್ಲಿ ಆ ಶಬ್ದಕ್ಕೆ ಧ್ವನಿಯ ಏರಿಳಿತವೆಂದು ಅರ್ಥ. ಈ ಕುದುರೆ ಮಾಡುವುದು ಸ್ವರದ ಓಲಾಟವನ್ನು, ನಮ್ಮ ಆಂದೋಲನಕ್ಕೆ ಹತ್ತಿರವಾದುದನ್ನು.

ತೊಡಕು ಮರಳುವಿಕೆಯಲ್ಲಿದೆ. ಸರಳನ್ನು ಅದುಮಿ ಬಿಟ್ಟ ಮೇಲೆ ಸ್ವರ ಏರಿ ನಿಂತರೆ, ಅಥವಾ ತಂತಿಯನ್ನು ಬೆರಳಿನಿಂದ ಎಳೆದು ಬಿಟ್ಟ ಮೇಲೆ ಇಳಿದು ನಿಂತರೆ, ತಂತಿಯು ಮೇರುವಿನಲ್ಲಿ ಅಂಟಿಕೊಂಡಿದೆ ಎಂದೇ ತಿಳಿಯಬೇಕು. ಪರಿಹಾರ ಅದೇ ಪೆನ್ಸಿಲ್ ಸೀಸ. ಇನ್ನು, ಇಲ್ಲಿ ಒಂದು ತಂತಿಯನ್ನು ಬಿಗಿದರೆ ಕುದುರೆ ಮುಂದಕ್ಕೆ ಬಾಗಿ ಉಳಿದ ಐದೂ ಇಳಿಯುತ್ತವೆ. ಒಂದು ಕಡಿದರೆ ಉಳಿದವು ಏರುತ್ತವೆ. ಕೂಡುಕುಟುಂಬದಂತೆ, ಒಬ್ಬರ ಬಿಗುವು ಎಲ್ಲರಿಗೂ ತಟ್ಟುತ್ತದೆ. ಆದ್ದರಿಂದ ಒಂದೇ ಸುತ್ತಿನಲ್ಲಿ ಶ್ರುತಿ ಮುಗಿಯದು. ನಾಲ್ಕೈದು ಸುತ್ತು ತಾಳ್ಮೆಯಿಂದ ಮಾಡಬೇಕು. ಹೊಸದಾಗಿ ಕಲಿಯುವವರು ಬೆನ್ನಿನ ಸ್ಪ್ರಿಂಗುಗಳನ್ನು ಹಿಡಿದಿರುವ ಎರಡು ತಿರುಪುಗಳನ್ನು ಬಿಗಿದು, ಕುದುರೆಯನ್ನು ವಾದ್ಯದ ಮೈಗೆ ಒರಗಿಸಿಬಿಡುವುದು ಒಳ್ಳೆಯದು. ಓಲಾಟ ಇಳಿಮುಖವಾಗಿ ಮಾತ್ರ ಉಳಿದರೂ ಶ್ರುತಿ ನಿಲ್ಲುತ್ತದೆ. 1970ರ ದಶಕದ ಕೊನೆಯಲ್ಲಿ ಫ್ಲಾಯ್ಡ್ ರೋಸ್ ಎಂಬಾತನು ಮೇರುವಿನಲ್ಲಿಯೇ ತಂತಿಗಳನ್ನು ಬಿಗಿದು ಕಚ್ಚಿಸುವ ಉಪಾಯವನ್ನು ಕಂಡುಹಿಡಿದನು. ತಂತಿ ಜಾರುವ ಸ್ಥಾನವನ್ನೇ ಇಲ್ಲವಾಗಿಸಿದನು. ಆಮೇಲೆ ಬೇಕಾಗುವ ಕೊನೆಯ ಹೊಂದಾಣಿಕೆಗಾಗಿ ಕುದುರೆಯ ಬಳಿ ಪುಟ್ಟ ತಿರುಪುಗಳು ಬಂದವು. ಆ ತಿರುಪು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಮಾಡುವುದು ನಮ್ಮ ಮಣಿ.

ಮನೆಯ ಮಿತಿ, ಕುಶಲಕರ್ಮಿಯ ಹಕ್ಕು

ಸೀಮೆಸುಣ್ಣ, ಪೆನ್ಸಿಲ್, ದಾರ ಮತ್ತು ತಾಳ್ಮೆಗಳಿಂದ ತಂಬೂರಿಯ ಬಹುಪಾಲು ದೋಷಗಳು ಮನೆಯಲ್ಲಿಯೇ ತೀರುತ್ತವೆ. ಒಂದು ಮಾತ್ರ ತೀರದು. ವರ್ಷಗಳ ನುಡಿತದಿಂದ ಕುದುರೆಯ ಮೈಮೇಲೆ ತಂತಿ ಗೀರು ಕೊರೆದಿದ್ದರೆ, ದಾರವನ್ನು ಎಲ್ಲಿಟ್ಟರೂ ನಾದ ಬಿಚ್ಚುವುದಿಲ್ಲ. ಆಗ ಜವಾರಿಯನ್ನು ಮತ್ತೆ ತೆಗೆಸಬೇಕು. ಅರವನ್ನೋ ಮರಳುಕಾಗದವನ್ನೋ ಹಿಡಿದು ಮನೆಯಲ್ಲಿ ಪ್ರಯತ್ನಿಸಿದರೆ ಕುದುರೆ ಕೆಡುವುದೇ ಹೆಚ್ಚು. ಒಮ್ಮೆ ಹೆಚ್ಚಾಗಿ ಉಜ್ಜಿದುದನ್ನು ಮರಳಿ ತುಂಬಲಾಗದು. ಅಂಥ ವಾದ್ಯವನ್ನು ಮಿರಜಿಗೆ ಒಯ್ಯಬೇಕು. ದುಧನಿಯಿಂದ ಸೋಲಾಪುರ, ಅಲ್ಲಿಂದ ಕುರ್ಡುವಾಡಿ, ಪಂಢರಪುರಗಳ ಮೇಲೆ ಮಿರಜಿಗೆ ರೈಲಿನ ದಾರಿಯಿದೆ. ಬುರುಡೆ ಹುಟ್ಟಿದ ಸೀಮೆಯನ್ನು ಹಾಯ್ದೇ ವಾದ್ಯವು ಕುಶಲಕರ್ಮಿಯ ಬಳಿಗೆ ಮರಳುತ್ತದೆ.

ಮಿರಜಿನ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. ಸೋಲಾಪುರದ ಚಾದರಕ್ಕೂ ಮಂಗಳವೇಡೆಯ ಜೋಳಕ್ಕೂ ಈ ಮೊದಲೇ ದೊರೆತ ಮನ್ನಣೆ ಇದು. 1999ರ ಕಾಯಿದೆಯ ಪ್ರಕಾರ, ಬೇರೆಡೆ ತಯಾರಾದ ವಾದ್ಯವನ್ನು ಮಿರಜಿನದೆಂದು ಹೇಳಿ ಮಾರುವಂತಿಲ್ಲ. ನೋಂದಣಿಯ ಅವಧಿ 10 ವರ್ಷ. ಅದನ್ನು ಮತ್ತೆ ಮತ್ತೆ ನವೀಕರಿಸಬಹುದು. ಕೊಳ್ಳುವವರಿಗೆ ಇದರಿಂದ ದೊಡ್ಡ ಭರವಸೆಯಾಯಿತು. ಆದರೆ ಕಾಯಿದೆ ರಕ್ಷಿಸುವುದು ಹೆಸರನ್ನು. ಕೈಯ ಹದವನ್ನು ರಕ್ಷಿಸುವ ಶಕ್ತಿ ಅದಕ್ಕಿಲ್ಲ. ಜವಾರಿ ತೆಗೆಯುವ ವಿದ್ಯೆ ಬರಹದಿಂದ ಬರುವಂಥದಲ್ಲ. ನೂರು ಕುದುರೆಗಳನ್ನು ಕಿವಿಯಿಟ್ಟು ಉಜ್ಜಿದ ಮೇಲೆ ಬರುವಂಥದು. ಹಳೆಯ ತಂಬೂರಿಗಳು ದುರಸ್ತಿಗೆ ಬರುವುದು ನಿಂತರೆ, ಎಳೆಯ ಕೈಗಳು ಯಾವ ಕುದುರೆಯ ಮೇಲೆ ಕಲಿಯಬೇಕು? ಮೂಲೆಯಲ್ಲಿ ಮಲಗಿದ ಪ್ರತಿಯೊಂದು ತಂಬೂರಿಯೂ ಆ ಕಸುಬಿಗೆ ತಪ್ಪಿದ ಒಂದು ಕೆಲಸ.

ಶ್ರುತಿಪೆಟ್ಟಿಗೆಯನ್ನು ಹಳಿಯಬೇಕಾದುದಿಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1970ರ ದಶಕದಲ್ಲಿ ರೂಪಿಸತೊಡಗಿದ ವಿದ್ಯುತ್ ಶ್ರುತಿಸಾಧನಗಳು ಪ್ರಯಾಣದ ಗಾಯಕರಿಗೂ ಒಂಟಿಯಾಗಿ ಅಭ್ಯಾಸ ಮಾಡುವವರಿಗೂ ಮಹದುಪಕಾರ ಮಾಡಿವೆ. ಆದರೆ ಗುಂಡಿ ಒತ್ತಿದರೆ ಬರುವ ಷಡ್ಜವು ಸಿದ್ಧ ಉತ್ತರದಂತೆ. ತಂಬೂರಿಯ ಷಡ್ಜವು ಮಗು ತಾನೇ ಬಿಡಿಸಿದ ಲೆಕ್ಕದಂತೆ. ಜೋಡಿ ತಂತಿಗಳ ಅಲೆಯನ್ನು ಕೇಳಿ, ಬಿರಡೆಯನ್ನು ಒತ್ತಿ ತಿರುಗಿಸಿ, ಅಲೆ ನಿಲ್ಲುವವರೆಗೆ ಕಾಯ್ದ ಮಗುವಿಗೆ ಸರಿ-ತಪ್ಪುಗಳ ನಡುವಿನ ಅಂತರ ಕಿವಿಯಲ್ಲಿಯೇ ತಿಳಿಯುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಒಂದು ಕಡೆಯಿಂದಲೂ ಪಂಢರಪುರದ ಅಭಂಗಗಳು ಇನ್ನೊಂದು ಕಡೆಯಿಂದಲೂ ಬಂದು ಕೂಡುವ ಈ ಸೀಮೆಯಲ್ಲಿ ಅಂಥ ಕಿವಿಗಳು ಬೇಕೇ ಬೇಕು.

ಇದಕ್ಕಾಗಿ ಶಾಲೆಗಳು ಹೆಚ್ಚಿನ ಖರ್ಚು ಮಾಡಬೇಕಾಗಿಲ್ಲ. ಊರಿನ ಮಠದಲ್ಲಿಯೋ ಹಿರಿಯರ ಮನೆಯಲ್ಲಿಯೋ ಇರುವ ಒಂದು ತಂಬೂರಿಯನ್ನು ಕೇಳಿ ತಂದು, ಒಂದು ಡಬ್ಬಿಯಲ್ಲಿ ಸೀಮೆಸುಣ್ಣ, ಪೆನ್ಸಿಲ್, ಹತ್ತಿಯ ದಾರ, ಒಣ ಬಟ್ಟೆ ಮತ್ತು ಒಂದು ಜೊತೆ ತಂತಿಗಳನ್ನಿಟ್ಟು, ವಾರಕ್ಕೆ ಇಬ್ಬರು ಮಕ್ಕಳಿಗೆ ಶ್ರುತಿಯ ಹೊಣೆ ವಹಿಸಿದರೆ ಸಾಕು. ಪ್ರಾರ್ಥನೆಗೆ ಮುನ್ನ ಹತ್ತು ನಿಮಿಷ ಅವರು ಜೋಡಿ ತಂತಿಗಳ ಮುಂದೆ ಕೂರಲಿ. ತಿಂಗಳೊಪ್ಪತ್ತಿನಲ್ಲಿ ಯಾವ ಬಿರಡೆ ಜಾರುತ್ತದೆ, ಯಾವ ಗಾಡಿ ಕಚ್ಚುತ್ತದೆ ಎಂಬುದನ್ನು ಮಕ್ಕಳೇ ಹೇಳತೊಡಗುತ್ತಾರೆ. ಜವಾರಿ ಸವೆದಿದೆಯೆಂದು ಅವರು ಗುರುತಿಸಿದ ದಿನ, ಹಿರಿಯರು ಮಿರಜಿನ ರೈಲಿಗೆ ತಿಕೀಟು ತೆಗೆಯಲಿ.